ತಾಮ್ರದ ಎಳೆ ಸುತ್ತಿದ ಸ್ಟಡ್ಡು

ದ್ರಾಕ್ಷಿ ತೋಟದ ಅಂಚಿನಲ್ಲಿರುವ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ನಾಶಿಕ್ ಕಡೆಯಿಂದ ಓಝರ್ ದಾಟಿ ಪಿಂಪಳಗಾಂವ್ ಬಸವಂತ್ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ಒಂದೂವರೆ ಕಿಲೋಮೀಟರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಸ್ವಂತ ಊರು ರೋಣ ತಾಲ್ಲೂಕು. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ. ಮೊದಲು ನಾಶಿಕ್ ಶಾಖೆಯಲ್ಲಿದ್ದವಳಿಗೆ ಮೂರು ವರ್ಷದ ಹಿಂದೆ ಗಂಗಾಪುರಕ್ಕೆ ವರ್ಗವಾಯಿತು. ಅಂದಿನಿಂದ ನಮ್ಮ ಸಂಸಾರ ಎಸ್.ಟಿ. ಬಸ್ಸಿನಲ್ಲೇ ನಡೆದಿದೆ. ಒಂದು ವಾರ ನಾನು ಹೋಗುತ್ತೇನೆ, ಮುಂದಿನ ವಾರ ಅವಳು ಬರುತ್ತಾಳೆ. ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಬಸ್ಸು ಹತ್ತಿದರೆ ಯೇವಲಾ, ವೈಜಾಪುರ ದಾಟಿ ಗಂಗಾಪುರ ಮುಟ್ಟುವ ಹೊತ್ತಿಗೆ ಸೊಂಟ ನನ್ನದಲ್ಲ ಅನ್ನಿಸುತ್ತದೆ. ಮರುದಿನ ಮತ್ತೆ ಅದೇ ದಾರಿ ಹಿಂದಕ್ಕೆ. ಸೋಮವಾರ ಬೆಳಿಗ್ಗೆ ಆರೂವರೆಗೆ ಕಾರ್ಖಾನೆಯ ಗೇಟಿನಲ್ಲಿರಬೇಕು. ಐವತ್ನಾಲ್ಕು ದಾಟಿದವನಿಗೆ ಇದು ಎಷ್ಟು ದಿನ ಸಾಗುತ್ತದೆ ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳುವುದನ್ನು ಬಿಟ್ಟಿದ್ದೇವೆ.

ಮನೆಯ ಮಾಲಕರನ್ನು ನಾನು ಕಾಕಾ ಎನ್ನುತ್ತೇನೆ. ಎಪ್ಪತ್ತರ ಹತ್ತಿರ ಬಂದವರು. ನಾಲ್ಕೆಕರೆ ದ್ರಾಕ್ಷಿ, ಸ್ವಲ್ಪ ಈರುಳ್ಳಿ. ಮಾತು ಕಡಿಮೆ, ಸಿಟ್ಟು ಬಂದಾಗ ಮಾತ್ರ ಹೆಚ್ಚು. ಅವರು ಮಾತಾಡುವುದು ಮರಾಠಿ. ಆದರೆ ಅವರು ಆಡಿದ್ದೆಲ್ಲ ನನ್ನ ನೆನಪಿನಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಉಳಿಯುತ್ತದೆ, ಯಾಕೋ ಗೊತ್ತಿಲ್ಲ. ಅವರಲ್ಲೊಂದು ಹಳೆಯ ಟ್ರ್ಯಾಕ್ಟರ್ ಇದೆ. ಮೂರು ಸಿಲಿಂಡರಿನದು, ಬಣ್ಣ ಯಾವುದಿತ್ತು ಎಂದು ಈಗ ಹೇಳುವುದು ಕಷ್ಟ. ಅದರ ಹಿಂದೆ ಔಷಧಿ ಸಿಂಪಡಿಸುವ ಬ್ಲೋವರ್ ಕಟ್ಟಿಕೊಂಡು ಅವರು ಸಾಲುಗಳ ನಡುವೆ ಹೋಗುವ ಸದ್ದಿಗೆ ನನಗೆ ಎಷ್ಟೋ ಬೆಳಿಗ್ಗೆ ಎಚ್ಚರವಾಗಿದೆ.

ಈ ಟ್ರ್ಯಾಕ್ಟರಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ಇಲ್ಲಿ ಹೇಳಬೇಕಾಗಿದೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ. ನಾನು ಹಿಂದಿನ ದಿನ ಗಂಗಾಪುರಕ್ಕೆ ಹೋಗಿ, ಬೆಳಿಗ್ಗೆ ಮೊದಲ ಬಸ್ಸಿಗೇ ವಾಪಸು ಬಂದಿದ್ದೆ. ಅವಳಿಗೆ ಆ ದಿನ ಶಾಖೆಯಲ್ಲಿ ಏನೋ ತಪಾಸಣೆಯ ಕೆಲಸ, ರಜೆಯಿದ್ದರೂ ಹೋಗಲೇಬೇಕಿತ್ತು. ಬಾಗಿಲು ತೆಗೆದು ಮಲಗಬೇಕು ಎನ್ನುವಷ್ಟರಲ್ಲಿ ಕಾಕಾ ಬಂದರು. ಎಂಜಿನ್ನಿನ ಹೆಡ್ಡಿನ ಕೆಳಗಿನಿಂದ ನೀರು ಜಿನುಗುತ್ತಿದೆ, ನಟ್ಟುಗಳನ್ನು ಸ್ವಲ್ಪ ಬಿಗಿ ಮಾಡಿಕೊಡಿ ಎಂದರು. ಅವರ ಟ್ರ್ಯಾಕ್ಟರನ್ನು ಯಾವಾಗಲೂ ರಿಪೇರಿ ಮಾಡುತ್ತಿದ್ದವರು ಮಾಲೇಗಾಂವ್ ಕಡೆಯ ಒಬ್ಬ ಮಿಸ್ತ್ರಿ. ಹದಿನೈದು ವರ್ಷದಿಂದ ಅವರೇ. ಆ ವಾರ ಅವರು ತಂಗಿಯ ಮಗಳ ಮದುವೆಗೆ ಹೋಗಿದ್ದರು.

"ನೀವು ವಿಮಾನದ ಮಂದಿ ಸಾಹೇಬ್ರ, ಇದೇನು ದೊಡ್ಡದಲ್ಲ ನಿಮಗ," ಎಂದರು ಕಾಕಾ.

ಎಂಜಿನ್ನಿನ ಕೆಳಭಾಗ ಬ್ಲಾಕ್, ಬೀಡುಕಬ್ಬಿಣದ್ದು. ಅದರ ಮೇಲೆ ಮುಚ್ಚಳದಂತೆ ಕೂರುವುದು ಹೆಡ್. ಎರಡರ ನಡುವೆ ತೆಳ್ಳನೆಯ ಗ್ಯಾಸ್ಕೆಟ್. ಮೂರನ್ನೂ ಒಟ್ಟಿಗೆ ಅಮುಕಿ ಹಿಡಿಯುವವು ಸ್ಟಡ್ಡುಗಳು. ಗೇಣುದ್ದದ ಉಕ್ಕಿನ ಕಡ್ಡಿಗಳು ಅವು, ಎರಡೂ ತುದಿಗೆ ಥ್ರೆಡ್ಡು, ಸ್ಕ್ರೂವಿಗಿರುವಂಥ ಸುರುಳಿ ಗೀರು. ಒಂದು ತುದಿ ಬ್ಲಾಕಿನ ತೂತಿನಲ್ಲಿ ತಿರುಗಿ ಕೂತಿರುತ್ತದೆ, ಮೇಲಿನ ತುದಿಗೆ ನಟ್ಟು. ಆ ನಟ್ಟನ್ನು ಎಷ್ಟು ಬಿಗಿಯಬೇಕು ಎನ್ನುವುದಕ್ಕೆ ಲೆಕ್ಕವಿದೆ, ಅದನ್ನು ತೋರಿಸುವ ಟಾರ್ಕ್ ರೆಂಚ್ ಇದೆ. ಕಾರ್ಖಾನೆಯಲ್ಲಿ ನಾನು ಅದಿಲ್ಲದೆ ಒಂದು ನಟ್ಟನ್ನೂ ಮುಟ್ಟುವುದಿಲ್ಲ. ಬಿಗಿದ ಮೇಲೆ ನಾನೊಂದು ಸಹಿ ಹಾಕಬೇಕು, ನೋಡಿದವನು ಇನ್ನೊಂದು ಸಹಿ ಹಾಕಬೇಕು. ಆ ಭಾನುವಾರ ನನ್ನ ಹತ್ತಿರ ಇದ್ದದ್ದು ಕಾಕಾರ ಒಂದು ಉದ್ದನೆಯ ಪಾನಾ, ಅಂದರೆ ಸ್ಪ್ಯಾನರು, ಬಲ ಹೆಚ್ಚಲೆಂದು ಅದರ ಹಿಡಿಗೆ ತೂರಿಸಲು ಒಂದು ನೀರಿನ ಪೈಪಿನ ತುಂಡು. ಪಿಂಪಳಗಾಂವ್‌ಗೆ ಹೋಗಿ ಟಾರ್ಕ್ ರೆಂಚ್ ಕೇಳಿ ತರಬಹುದಿತ್ತು. ಹೋಗಲಿಲ್ಲ. ಕಣ್ಣು ಉರಿಯುತ್ತಿದ್ದವು. ಹತ್ತು ನಿಮಿಷದಲ್ಲಿ ಮುಗಿಸಿ ಮಲಗೋಣ ಎಂದುಕೊಂಡೆ.

ಮೊದಲೆರಡು ನಟ್ಟು ಸರಿಯಾಗಿ ಬಂದವು. ಮೂರನೆಯದು ನಡುವಿನ ಸಾಲಿನದು. ಪೈಪಿನ ಮೇಲೆ ಭಾರ ಹಾಕಿದೆ, ಬಿಗಿಯಾಗುತ್ತಾ ಬಂತು, ಇನ್ನೊಂದು ಕಾಲು ಸುತ್ತು ಇರಲಿ ಎಂದು ಮತ್ತೆ ಒತ್ತಿದೆ. ಕೈಯೊಳಗೆ ಅದು ಮೆತ್ತಗಾಯಿತು. ಈ ಕೆಲಸದಲ್ಲಿದ್ದವರಿಗೆ ಆ ಮೆತ್ತಗಾಗುವುದು ಗೊತ್ತು. ಸದ್ದೇನೂ ಬರುವುದಿಲ್ಲ. ಬಿಗಿಯಾಗಿದ್ದದ್ದು ಇದ್ದಕ್ಕಿದ್ದಂತೆ ಬೆಣ್ಣೆಯಾಗುತ್ತದೆ. ಬ್ಲಾಕಿನೊಳಗಿನ ಥ್ರೆಡ್ಡು ಕಿತ್ತಿತ್ತು.

ಕಾಕಾ ಆಗ ಬಾವಿಯ ಮೋಟರ್ ಶುರು ಮಾಡಲು ಹೋಗಿದ್ದರು. ನಾನು ನಟ್ಟು ತೆಗೆದು ಸ್ಟಡ್ಡನ್ನು ಮೇಲಕ್ಕೆ ಎಳೆದೆ. ಅದರ ತುದಿಯಲ್ಲಿ ಬೀಡುಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಹೆಡ್ಡು ಇಳಿಸಬೇಕು, ತೂತನ್ನು ದೊಡ್ಡದು ಮಾಡಬೇಕು, ಒಳಗೆ ಉಕ್ಕಿನ ಬುಶ್, ಸಣ್ಣ ಕೊಳವೆಯಂಥದು, ಕೂರಿಸಬೇಕು. ಮೂರು ದಿನದ ಕೆಲಸ. ನಾನು ಮನೆಯೊಳಗೆ ಹೋಗಿ ಕರೆಂಟಿನ ಹಳೆಯ ವೈರೊಂದರ ತುಂಡು ತಂದೆ, ಸಿಪ್ಪೆ ಸುಲಿದು ಒಳಗಿನ ತಾಮ್ರದ ಎಳೆಗಳನ್ನು ಬಿಡಿಸಿದೆ, ಅವನ್ನು ಸ್ಟಡ್ಡಿನ ಥ್ರೆಡ್ಡಿಗೆ ಸುತ್ತಿದೆ, ಮತ್ತೆ ತೂತಿಗೆ ಇಳಿಸಿ ತಿರುಗಿಸಿದೆ. ತಾಮ್ರ ಅಮುಕಿಕೊಂಡು ಹಿಡಿಯಿತು. ನಟ್ಟನ್ನು ಮೆಲ್ಲಗೆ, ಕೈಗೆ ತಿಳಿಯುವಷ್ಟೇ ಬಿಗಿದೆ. ಕಾಕಾ ಬಂದಾಗ "ಆತು ನೋಡ್ರಿ" ಎಂದೆ. ನೀರು ಜಿನುಗುವುದು ನಿಂತಿತ್ತು. ಅವರು ಚಹಾ ತರಿಸಿದರು. ಕುಡಿದು ಒಳಗೆ ಹೋಗಿ ಮಲಗಿದೆ. ಮಲಗಿದ ಕೂಡಲೇ ನಿದ್ದೆ ಬಂತು ಎನ್ನುವುದನ್ನೂ ಹೇಳಿಬಿಡಬೇಕು. ಆ ದಿನ ಮನಸ್ಸು ಚುಚ್ಚಲಿಲ್ಲ.

ಚುಚ್ಚಿದ್ದು ಹೋದ ವರ್ಷ.

ಅಕ್ಟೋಬರಿನಲ್ಲಿ ಇಲ್ಲಿ ದ್ರಾಕ್ಷಿ ಬಳ್ಳಿಗಳನ್ನು ಕತ್ತರಿಸುತ್ತಾರೆ. ಅದಾದ ಮೇಲೆ ಹೊಸ ಚಿಗುರು, ಚಿಗುರಿನ ಬೆನ್ನಿಗೇ ರೋಗ. ಮೋಡ ಕವಿದರೆ ಎರಡು ದಿನಕ್ಕೊಮ್ಮೆ ಔಷಧಿ ಹೊಡೆಯಬೇಕು. ಆ ದಿನಗಳಲ್ಲಿ ಟ್ರ್ಯಾಕ್ಟರ್ ಕೈಕೊಟ್ಟರೆ ವರ್ಷದ ತೋಟ ಕೈಬಿಟ್ಟಂತೆ. ಹೋದ ವರ್ಷ ಕತ್ತರಿಸಿ ಹದಿನೈದು ದಿನವಾಗಿರಬೇಕು, ಎಂಜಿನ್ ಕಾದು ರೇಡಿಯೇಟರಿನಿಂದ ಹಬೆ ಎದ್ದಿತು. ಗ್ಯಾಸ್ಕೆಟ್ ಸುಟ್ಟಿತ್ತು. ಮಿಸ್ತ್ರಿ ಬಂದರು, ಹೆಡ್ಡು ಇಳಿಸಿ ಹೊಸ ಗ್ಯಾಸ್ಕೆಟ್ ಹಾಕಿದರು, ನಡುವಿನಿಂದ ಹೊರಗೆ ಕ್ರಮವಾಗಿ ನಟ್ಟು ಬಿಗಿಯುತ್ತಾ ಬಂದರು. ಅದೇ ಮೂರನೆಯದು ಬಿಗಿಯಾಗಲಿಲ್ಲ. ಸುಮ್ಮನೆ ತಿರುಗಿತು.

ನಾನು ಪಾಳಿ ಮುಗಿಸಿ ಬಂದು ಕಟ್ಟೆಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದೆ. ಅಲ್ಲಿಂದ ಟ್ರ್ಯಾಕ್ಟರ್ ನಿಂತ ತಗಡಿನ ಚಪ್ಪರಕ್ಕೆ ಇಪ್ಪತ್ತು ಹೆಜ್ಜೆ. ಪಕ್ಕದ ತೋಟದ ಇಬ್ಬರು ನೋಡಲು ಬಂದಿದ್ದರು. ಮಿಸ್ತ್ರಿ ಸ್ಟಡ್ಡನ್ನು ಕೈಯಿಂದಲೇ ಎಳೆದು ತೆಗೆದರು, ಬೆಳಕಿಗೆ ಹಿಡಿದರು, ಉಗುರಿನಿಂದ ಏನನ್ನೋ ಬಿಡಿಸಿದರು.

"ಶೇಠ್, ಇದರಾಗ ತಾಮ್ರದ ತಂತಿ ಅದ. ಯಾರೋ ಮೊದಲೇ ಕೆಡಿಸಿ ತಂತಿ ಸುತ್ಯಾರ," ಎಂದರು.

"ಇದನ್ನ ನಿನ್ನ ಬಿಟ್ಟು ಯಾರು ಮುಟ್ಟ್ಯಾರ?" ಎಂದರು ಕಾಕಾ. ಒಂದು ಭಾನುವಾರ ನನ್ನ ಕೈಲಿ ನಟ್ಟು ಬಿಗಿಸಿದ್ದು ಅವರ ನೆನಪಿನಲ್ಲಿರಲಿಲ್ಲ. ಇದ್ದರೂ ಅದೊಂದು ಕೆಲಸವೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. "ನಿನ್ನ ಕೈಯಾಗ ಥ್ರೆಡ್ ಹೋಗೇದ. ಈಗ ತಂತಿ ತೋರಿಸ್ತಿ."

"ನಾ ಸುತ್ತಿದ್ರ ನಾ ಯಾಕ ತೋರಿಸ್ಲಿ?"

"ತಪ್ಪು ಮ್ಯಾಲ ಬರಬಾರದಂತ."

ಮಾತಿಗೆ ಮಾತು ಬೆಳೆಯಿತು. ಚಿಗುರಿಗೆ ಔಷಧಿ ಹೊಡೆಯುವ ದಿನ, ಆಕಾಶದಲ್ಲಿ ಮೋಡ, ಕಾಕಾರಿಗೆ ತಡೆಯಲಿಲ್ಲ. ಹದಿನೈದು ವರ್ಷ ನಂಬಿದ್ದಕ್ಕೆ ಇದೇ ಏನು ಎಂದರು. ಕೊನೆಗೆ ಕಳ್ಳ ಎನ್ನುವ ಮಾತು ಬಂತು. ಮಿಸ್ತ್ರಿ ತಮ್ಮ ಪಾನಾಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಸ್ಟಡ್ಡನ್ನು ಮಡ್‌ಗಾರ್ಡಿನ ಮೇಲೆ ಇಟ್ಟರು. ಮೋಟರ್‌ಸೈಕಲ್ ಹತ್ತಿ ನನ್ನ ಮುಂದೆಯೇ ಹಾದುಹೋದರು. ನಾನು ಡಬ್ಬಿ ತೊಳೆಯುತ್ತಲೇ ಇದ್ದೆ. ಅದು ಎಷ್ಟೋ ಹೊತ್ತಿನ ಹಿಂದೆಯೇ ಸ್ವಚ್ಛವಾಗಿತ್ತು.

ಅರ್ಧ ತಾಸಿನ ಮೇಲೆ ಕಾಕಾ ನನ್ನ ಬಾಗಿಲಿಗೆ ಬಂದರು. "ಸಾಹೇಬ್ರ, ಇನ್ನ ನೀವೇ ನೋಡಬೇಕು," ಎಂದರು.

ನೋಡುತ್ತೇನೆ ಎಂದೆ. ಅಷ್ಟೇ ಹೇಳಿದೆ.

ಮರುದಿನದಿಂದ ಪಾಳಿ ಮುಗಿದ ಮೇಲೆ ಸಂಜೆಯವರೆಗೆ ನನ್ನ ಕೆಲಸ ಆ ಚಪ್ಪರದ ಕೆಳಗೆ. ಕಾಕಾ ಪಕ್ಕದವರ ಟ್ರ್ಯಾಕ್ಟರ್ ಬಿಡುವಾಗುವುದನ್ನು ಕಾದು, ಅದು ಸಿಗದ ದಿನ ಬೆನ್ನಿಗೆ ಪಂಪು ಕಟ್ಟಿಕೊಂಡು ತಾವೇ ಹೊಡೆಯುತ್ತಿದ್ದರು. ಸಾಲಿನ ಕೊನೆಗೆ ಬಂದು ತಂತಿಯ ಕಂಬ ಹಿಡಿದು ನಿಲ್ಲುವುದು ನನಗೆ ಕಾಣುತ್ತಿತ್ತು.

ಹೆಡ್ಡನ್ನು ಮತ್ತೆ ಇಳಿಸಬೇಕಿತ್ತು. ಮಿಸ್ತ್ರಿ ಬಿಗಿದಿದ್ದ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಬಂದೆ. ಮೂಲೆಯ ಸ್ಟಡ್ಡಿನ ತುಕ್ಕು ತಿಂದ ಥ್ರೆಡ್ಡಿಗೆ ನಟ್ಟು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಒಂದು ದಿನ ಕಾಯಬೇಕಿತ್ತು. ಕಾಯದೆ ಪಾನಾ ಹಾಕಿದೆ. ಸ್ಟಡ್ಡೇ ಟಕ್ ಎಂದು ಮುರಿಯಿತು, ಬ್ಲಾಕಿನ ಮೈಗೆ ಸಮವಾಗಿ. ಹಿಡಿಯಲು ಒಂದು ಕೂದಲೆಳೆಯೂ ಮೇಲೆ ಉಳಿಯಲಿಲ್ಲ. ಒಂದು ತಪ್ಪನ್ನು ಸರಿ ಮಾಡಲು ಹೋಗಿ ಎರಡನೆಯದು. ಅಲ್ಲೇ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತೆ. ಕಾಕಾರ ಹೆಂಡತಿ ಚಹಾ ತಂದಿಟ್ಟು ಹೋಗಿದ್ದು ತಣ್ಣಗಾಗಿತ್ತು.

ಮೊದಲು ಥ್ರೆಡ್ಡು ಕಿತ್ತ ತೂತನ್ನು ಹಿಡಿದುಕೊಂಡೆ. ಅದು ನನ್ನ ಕೈಗೆ ಬರುವ ಕೆಲಸ. ತೂತನ್ನು ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ಡು ಹಾಕಿ, ಹೊರಗೂ ಒಳಗೂ ಥ್ರೆಡ್ಡಿರುವ ಉಕ್ಕಿನ ಬುಶ್ ಅದರೊಳಗೆ ತಿರುಗಿಸಿ ಕೂರಿಸುವುದು. ಆಮೇಲೆ ಹಳೆಯ ಅಳತೆಯ ಸ್ಟಡ್ಡೇ ಬುಶ್ಶಿನೊಳಗೆ ಕೂರುತ್ತದೆ. ಕಷ್ಟವಿರುವುದು ಕೊರೆಯುವುದರಲ್ಲಿ. ಕೈಯಲ್ಲಿ ಹಿಡಿದ ಡ್ರಿಲ್ ಕೂದಲೆಳೆಯಷ್ಟು ವಾಲಿದರೂ ಸ್ಟಡ್ಡು ಸೊಟ್ಟಗೆ ನಿಲ್ಲುತ್ತದೆ, ಹೆಡ್ಡು ಇಳಿಯುವುದಿಲ್ಲ. ಅದಕ್ಕೆ ಒಂದು ದಪ್ಪ ಕಬ್ಬಿಣದ ಪಟ್ಟಿ ಮಾಡಿಸಿದೆ. ಅದರಲ್ಲಿ ಮೂರು ತೂತು. ಎರಡು ಕೊನೆಯ ತೂತುಗಳು ಅಕ್ಕಪಕ್ಕದ ಸ್ಟಡ್ಡುಗಳ ಮೇಲೆ ಕೂರುತ್ತವೆ, ನಟ್ಟು ಹಾಕಿ ಬಿಗಿದರೆ ಪಟ್ಟಿ ಅಲುಗುವುದಿಲ್ಲ. ನಡುವಿನ ತೂತು ಡ್ರಿಲ್ಲಿಗೆ ನೇರವಾದ ದಾರಿ ತೋರಿಸುತ್ತದೆ. ಕ್ಯಾಲೆಂಡರಿನ ಹಾಳೆಯ ಹಿಂದೆ ಅಳತೆ ಬರೆದು ಪಿಂಪಳಗಾಂವ್‌ನ ಲೇತ್ ಅಂಗಡಿಗೆ ಒಯ್ದೆ. ಅಂಗಡಿಯವರು ಕನ್ನಡಕ ಏರಿಸಿ ನೋಡಿ, "ಟ್ರ್ಯಾಕ್ಟರಿಗೆ ಇಷ್ಟು ಬಾರೀಕು ಅಳತೀನ?" ಎಂದರು. ಹೌದು ಎಂದೆ. ಎರಡು ದಿನ ಮಾಡಿದರು.

ಶುಕ್ರವಾರ ಮಧ್ಯಾಹ್ನ ಕೊರೆದೆ. ಸ್ವಲ್ಪ ಸ್ವಲ್ಪವಾಗಿ, ಪುಡಿ ಹೊರಗೆ ತೆಗೆಯುತ್ತಾ, ಸಿಲಿಂಡರುಗಳಿಗೆ ಬಟ್ಟೆ ತುರುಕಿ. ಆಮೇಲೆ ಥ್ರೆಡ್ಡು ಕೊರೆಯುವ ಟ್ಯಾಪ್ ಹಾಕಿದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತೂತಿನ ತಳ ಒಳಗಿನ ನೀರಿನ ದಾರಿಗೆ ತೆರೆದುಕೊಳ್ಳುತ್ತಿತ್ತು, ಹಾಗಾಗಿ ಬುಶ್ಶಿಗೆ ನೀರು ಸೋರದಂತೆ ಅಂಟು ಹಚ್ಚಿ ತಿರುಗಿಸಿದೆ. ಸ್ಟಡ್ಡು ಇಳಿಸಿ ಮೂಲೆಮಟ್ಟ ಹಿಡಿದು ನೋಡಿದರೆ ನೆಟ್ಟಗೆ ನಿಂತಿತ್ತು. ಕಾರ್ಖಾನೆಯಲ್ಲಾಗಿದ್ದರೆ ಇಂಥ ಹೊತ್ತಿನಲ್ಲಿ ಒಂದು ಸಣ್ಣ ಸಂತೋಷ ಆಗುತ್ತದೆ. ಅಲ್ಲಿ ಆಗಲಿಲ್ಲ. ಭುಜ ನೋಯುತ್ತಿತ್ತು, ಅಷ್ಟೇ.

ಇನ್ನು ಮೂಲೆಯ ಮುರಿದ ತುಂಡು. ನಡುವೆ ಗುರುತು ಹೊಡೆದು ಸಣ್ಣ ಡ್ರಿಲ್ಲಿನಿಂದ ಶುರು ಮಾಡಿದೆ. ಸ್ಟಡ್ಡು ಉಕ್ಕು, ಸುತ್ತಲಿನದು ಬೀಡು. ಡ್ರಿಲ್ಲು ಗಟ್ಟಿಯಿಂದ ಮೆತ್ತನೆಯ ಕಡೆಗೆ ಜಾರಲು ನೋಡುತ್ತದೆ. ಎರಡು ಸಲ ಜಾರಿತು. ಮೂರನೆಯ ಸಲ ನಿಲ್ಲಿಸಿದೆ. ಇನ್ನು ಮುಂದುವರಿದರೆ ಬ್ಲಾಕೇ ಹಾಳಾಗುತ್ತದೆ. ಇಂಥ ತುಂಡನ್ನು ಬೆಸುಗೆ ಹಾಕಿ ತೆಗೆಯುವವರು ಇದ್ದಾರೆ. ಅದನ್ನು ತೆಗೆಯುವ ಕೈ ಈ ಸುತ್ತಿನಲ್ಲಿ ಯಾರದು ಎಂದು ನನಗೂ ಗೊತ್ತಿತ್ತು, ಕಾಕಾರಿಗೂ ಗೊತ್ತಿತ್ತು.

ಆ ಶನಿವಾರ ಬರುವ ಸರದಿ ಹೆಂಡತಿಯದು. ಸಂಜೆ ಬಂದವಳು ಚೀಲ ಇಳಿಸಿ ನನ್ನ ಕೈ ನೋಡಿದಳು. ಬೆರಳ ಗೆಣ್ಣುಗಳೆಲ್ಲ ತರಚಿದ್ದವು.

"ಏನ್ರೀ ಇದು? ಬಾಡಿಗಿ ಮನಿಯವ್ರೋ ನೀವು, ಇವ್ರ ಮನಿ ಆಳೋ?"

ಅವಳಿಗೆ ಅಲ್ಲಿಯವರೆಗೆ ನಾನು ಏನೂ ಹೇಳಿರಲಿಲ್ಲ. ಊಟಕ್ಕೆ ಕೂತಾಗ ಹೇಳಿದೆ. ತಂತಿ, ಮಿಸ್ತ್ರಿ, ಕಳ್ಳ ಎಂದ ಮಾತು, ನಾನು ಡಬ್ಬಿ ತೊಳೆಯುತ್ತಿದ್ದದ್ದು. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು.

"ನಿಮ್ಮ ಕಾರ್ಖಾನ್ಯಾಗ ಹಿಂಗಾದ್ರ ಏನ್ ಮಾಡ್ತಾರ?"

"ಬರದು ಕೊಡಬೇಕು. ತಪ್ಪು ಆತು ಅಂತ ಬರದು ಕೊಟ್ರ ಬೈತಾರ, ಅಷ್ಟ. ಮುಚ್ಚಿಟ್ಟಿದ್ದು ಸಿಕ್ಕರ ಆ ಕೆಲಸಕ್ಕ ಮತ್ತ ಕೈ ಹಚ್ಚಗೊಡೂದಿಲ್ಲ."

"ಹಂಗಿದ್ರ ಇಲ್ಲಿ ಬರಿಯೂದರ ಏನದ. ಬಾಯಿಲೆ ಹೇಳ್ರಿ."

"ಈಗ ಹೆಂಗ ಹೇಳ್ಲಿ? ಇಷ್ಟು ದಿನ ಸುಮ್ಮನ ಇದ್ದು?"

"ನಾಳೆ ಹೇಳಿದ್ರ ಇನ್ನೊಂದು ದಿನ ಜಾಸ್ತಿ ಆಗ್ತದ," ಎಂದಳು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ನೀವು ಸುಸ್ತಾಗೀರಿ, ನನಗ ಕಾಣ್ತದ. ಸುಸ್ತಾದವ್ರು ತಪ್ಪು ಮಾಡ್ತಾರ. ಆದ್ರ ಅದಕ್ಕ ಆ ಮನಿಷಾ ಯಾಕ ಕಳ್ಳ ಅನಿಸ್ಕೋಬೇಕು?"

ಎದ್ದು ಕೈ ತೊಳೆದೆ.

ಭಾನುವಾರ ಬೆಳಿಗ್ಗೆ ಅವಳನ್ನು ಮನೆಯಲ್ಲೇ ಬಿಟ್ಟು ಮಾಲೇಗಾಂವ್ ಬಸ್ಸು ಹತ್ತಿದೆ. ವಾರಕ್ಕೊಂದೇ ಸಿಗುವ ದಿನವನ್ನು ಹೀಗೆ ಕಳೆದೆನೆಂದು ಅವಳು ಒಂದು ಮಾತೂ ಅನ್ನಲಿಲ್ಲ. ಮಿಸ್ತ್ರಿಯ ಗ್ಯಾರೇಜು ಊರ ಹೊರಗೆ ಹೆದ್ದಾರಿಯ ಪಕ್ಕದಲ್ಲಿ. ಹಿಂದಿನ ಗಲ್ಲಿಗಳಿಂದ ಮಗ್ಗಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ಅವರು ಒಂದು ಟೆಂಪೋದ ಕೆಳಗೆ ಮಲಗಿದ್ದರು. ನನ್ನ ಚಪ್ಪಲಿ ನೋಡಿ ಹೊರಗೆ ಬಂದರು. ನನ್ನನ್ನು ಗುರುತಿಸಿ, ಕೂತುಕೊಳ್ಳಲು ಹಳೆಯ ಟೈರು ತೋರಿಸಿದರು. ಅವರ ಮಾತು ಹಿಂದಿ, ನನ್ನದೂ ಅಷ್ಟಿಷ್ಟು ಹಿಂದಿ.

ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಯೋಚಿಸಿದ್ದೆ. ಎದುರಿಗೆ ಕೂತಾಗ ಅದೆಲ್ಲ ಮರೆತುಹೋಯಿತು.

"ಆ ತಂತಿ ಸುತ್ತಿದವ ನಾನು," ಎಂದೆ.

ಅವರು ಡೀಸೆಲ್ಲಿನ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದರು. ಒರೆಸಿಕೊಳ್ಳುತ್ತಲೇ ಇದ್ದರು. "ಯಾವಾಗ?" ಎಂದರು.

"ವರ್ಷದ ಮ್ಯಾಲಾತು. ನೀವು ಮದುವಿಗೆ ಹೋಗಿದ್ರಿ."

"ಪೈಪ್ ಹಾಕಿ ಬಿಗಿದ್ರೇನು?"

"ಹೌದು."

"ಹಳೇ ಬೀಡು ಅದು. ಪೈಪ್ ತಾಳೂದಿಲ್ಲ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಟ್ರ್ಯಾಕ್ಟರಿನ ಬಗ್ಗೆ ಮಾತಾಡುವ ಧಾಟಿಯೇ. ಒಬ್ಬರು ಬಂದು ಟೆಂಪೋ ಯಾವಾಗ ಸಿಗುತ್ತದೆ ಎಂದು ಕೇಳಿದರು. ಮಿಸ್ತ್ರಿ ಮಧ್ಯಾಹ್ನ ಎಂದರು.

ನಾನು ಮೂಲೆಯ ಸ್ಟಡ್ಡು ಮುರಿದದ್ದನ್ನೂ ಹೇಳಿದೆ, ಬುಶ್ ಹಾಕಿದ್ದನ್ನೂ ಹೇಳಿದೆ. ನೀವು ಬರದಿದ್ದರೆ ಆಗುವುದಿಲ್ಲ ಎಂದೆ.

"ಸಾಬ್, ನೀವು ಇದನ್ನ ನನಗ ಹೇಳೂದಕ್ಕ ಬಂದ್ರಿ. ನನ್ನ ಕೈ ಏನು ಮಾಡೇದ, ಏನು ಮಾಡಿಲ್ಲ, ನನಗ ಗೊತ್ತದ. ಗೊತ್ತಿಲ್ಲದವ್ರು ಅವ್ರು. ಅವ್ರಿಗೆ ಹೇಳ್ರಿ." ಬಟ್ಟೆಯನ್ನು ಮಡಚಿ ಟೆಂಪೋದ ಬಂಪರ್ ಮೇಲಿಟ್ಟರು. "ಅವ್ರು ತಾವಾಗಿ ಫೋನ್ ಮಾಡಿದ್ರ ಬರ್ತೀನಿ. ನಿಮ್ಮ ಸಲುವಾಗಿ ಬರೂದಿಲ್ಲ."

ಹೊರಡುವಾಗ ಚಹಾ ಕುಡಿದು ಹೋಗಿ ಎಂದರು. ಕುಡಿದೆ. ಚಹಾ ಕುಡಿಯುವಾಗ ಅವರು ಮತ್ತೆ ಟೆಂಪೋದ ಕೆಳಗೆ ಹೋಗಿದ್ದರು.

ವಾಪಸು ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಹೆಂಡತಿ ಗಂಗಾಪುರಕ್ಕೆ ಹೊರಡಲು ಸಿದ್ಧಳಾಗಿ ಕೂತಿದ್ದಳು. ಹೆದ್ದಾರಿಯವರೆಗೆ ಅವಳ ಚೀಲ ಹಿಡಿದು ನಡೆದೆ. ಬಸ್ಸು ಬಂದಾಗ "ಇವತ್ತ ಹೇಳ್ರಿ" ಎಂದಷ್ಟೇ ಹೇಳಿ ಹತ್ತಿದಳು.

ಕಾಕಾ ತೋಟದೊಳಗೆ ಬೇಡದ ಚಿಗುರು ಚಿವುಟುತ್ತಿದ್ದರು. ನಾನು ಅವರ ಪಕ್ಕದಲ್ಲೇ ಸಾಲು ಹಿಡಿದು ನಡೆಯುತ್ತಾ ಹೇಳಿದೆ. ಮೊದಲಿನಿಂದ ಹೇಳಿದೆ, ಏನನ್ನೂ ಬಿಡಲಿಲ್ಲ. ಅವರ ಕೈ ನಿಲ್ಲಲಿಲ್ಲ. ಒಂದು ಬಳ್ಳಿ, ಮುಂದಿನ ಬಳ್ಳಿ, ಚಿಗುರು ಕಾಲ ಬಳಿ ಬೀಳುತ್ತಿತ್ತು. ಸಾಲು ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಅಂವ ತಂತಿ ತೋರಿಸಿದಾಗ ನೀವು ಅಲ್ಲೇ ಇದ್ರಿ."

"ಇದ್ದೆ."

"ಕೇಳಿಸ್ತಿತ್ತು?"

"ಕೇಳಿಸ್ತಿತ್ತು."

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಸ್ಟಡ್ಡು ಕಬ್ಬಿಣ ಸಾಹೇಬ್ರ. ಇವತ್ತ ಹೋಗ್ತದ, ನಾಳೆ ಇನ್ನೊಂದು ಹಾಕ್ತೀವಿ. ನಾನು ಅಂವನ್ನ ಕಳ್ಳ ಅಂದೆ. ಮಂದಿ ಮುಂದ ಅಂದೆ. ಅದನ್ನ ನೀವು ಯಾವ ಪಾನಾ ಹಾಕಿ ತಗೀತೀರಿ?"

ಕ್ಷಮಿಸಿ ಎಂದೆ. ಅವರು ಮುಂದಿನ ಸಾಲಿಗೆ ಹೊರಟುಹೋದರು. ನಾನು ಅಲ್ಲೇ ಸ್ವಲ್ಪ ನಿಂತೆ. ಮನೆ ಖಾಲಿ ಮಾಡಿ ಎನ್ನುತ್ತಾರೇನೋ ಎಂದುಕೊಂಡೆ, ಅನ್ನಲಿಲ್ಲ. ಆಮೇಲೆಯೂ ಅನ್ನಲಿಲ್ಲ.

ಮರುದಿನ ನಾನು ಪಾಳಿಯಿಂದ ಬರುವಾಗ ಅವರು ಅಂಗಳದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಆ ಕಡೆಯವರ ಮಾತು ಕೇಳಿಸಲಿಲ್ಲ. ಕಾಕಾ ಮೊದಲು ಮೋಡದ ಬಗ್ಗೆ ಹೇಳಿದರು, ಆಮೇಲೆ ತೋಟದ ಬಗ್ಗೆ. ಕೊನೆಗೆ "ಚುಕಲಂ ಮಾಝಂ" ಎಂದರು, ನನ್ನದು ತಪ್ಪಾಯಿತು ಎಂದು. ಅಷ್ಟು ವರ್ಷದಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ನಾನು ಮಾಡಿದ್ದಕ್ಕೆ ಅವರು ತಪ್ಪೊಪ್ಪಿಕೊಳ್ಳುತ್ತಿದ್ದರು. ತಲೆ ತಗ್ಗಿಸಿ ಒಳಗೆ ಹೋದೆ.

ಮಿಸ್ತ್ರಿ ಮಂಗಳವಾರ ಮಧ್ಯಾಹ್ನ ಬಂದರು. ಪಕ್ಕದ ತೋಟದಿಂದ ವೆಲ್ಡಿಂಗ್ ಮಶೀನು ತರಿಸಿದ್ದೆವು. ಮುರಿದ ತುಂಡಿನ ಮೇಲೆ ಸರಿಯಾಗಿ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ಬೆಸುಗೆ ಸುರಿದು ಎರಡನ್ನೂ ಒಂದು ಮಾಡಿದರು. ಮೊದಲ ಸಲ ನಟ್ಟು ಮಾತ್ರ ಬಿಟ್ಟು ಬಂತು. ಎರಡನೆಯ ಸಲವೂ. ಮೂರನೆಯ ಸಲ ಕೆಂಪಗೆ ಕಾದದ್ದು ಕಪ್ಪಾಗುವವರೆಗೆ ಬಿಟ್ಟು, ಬುಡಕ್ಕೆ ಮೇಣದ ಬತ್ತಿ ಒತ್ತಿದರು. ಮೇಣ ಕರಗಿ ಥ್ರೆಡ್ಡಿನ ಸಂದಿಗೆ ಇಳಿಯಿತು, ಹೊಗೆ ಬಂತು. ಆಮೇಲೆ ಪಾನಾ ಹಾಕಿದರು. ಬಲ ಹಾಕಲಿಲ್ಲ. ಮುಂದೆ ಇಷ್ಟು, ಹಿಂದೆ ಇಷ್ಟು, ಮಗುವಿನ ಹಲ್ಲು ಅಲ್ಲಾಡಿಸಿ ನೋಡುವವರ ಹಾಗೆ. ಕಾಲು ತಾಸಿನ ಮೇಲೆ ಅದು ಕಿರ್ರೆಂದು ಸರಿಯಿತು. ಅವರು ಅದನ್ನು ಪೂರ್ತಿ ಹೊರಗೆ ತೆಗೆದು ನನ್ನ ಅಂಗೈ ಮೇಲೆ ಹಾಕಿದರು. ಇನ್ನೂ ಬಿಸಿಯಿತ್ತು.

ನಾನು ಕೂರಿಸಿದ ಬುಶ್ಶನ್ನು ಅವರು ಬೆರಳಿನಿಂದ ಮುಟ್ಟಿ ನೋಡಿದರು, ಸ್ಟಡ್ಡು ಹಿಡಿದು ಅಲುಗಿಸಿ ನೋಡಿದರು. "ಇದು ಬರೋಬರ್ ಅದ," ಎಂದರು. ಅಷ್ಟೇ.

ಕಾಕಾ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು. ಅವರೂ ಮಿಸ್ತ್ರಿಯೂ ಟ್ರ್ಯಾಕ್ಟರ್ ಬಿಟ್ಟು ಬೇರೆ ಏನನ್ನೂ ಮಾತಾಡಲಿಲ್ಲ. ಹೊಸ ಗ್ಯಾಸ್ಕೆಟ್ ಎಲ್ಲಿದೆ, ಎಣ್ಣೆ ಬದಲಿಸಿದ್ದು ಯಾವಾಗ, ಇಷ್ಟೇ. ಆದರೆ ಕಾಕಾರ ಹೆಂಡತಿ ಚಹಾ ತಂದಾಗ ಕಾಕಾ ತಟ್ಟೆಯನ್ನು ಅವರ ಕೈಯಿಂದ ತಾವೇ ತೆಗೆದುಕೊಂಡು ಮೊದಲ ಕಪ್ಪನ್ನು ಮಿಸ್ತ್ರಿಗೆ ಕೊಟ್ಟರು. ಪಕ್ಕದ ತೋಟದ ಆ ಇಬ್ಬರನ್ನೂ ಕಾಕಾ ಆ ದಿನ ಕರೆಸಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಅವರು ಬಂದಾಗ ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ಏನು ಹೇಳಬೇಕೆಂದು ನನಗೆ ಅರ್ಥವಾಯಿತು. ಚಹಾ ಕಪ್ಪು ಕೆಳಗಿಟ್ಟು ಹೇಳಿದೆ. ಹೇಳಿ ಮುಗಿಸಲು ಎರಡು ನಿಮಿಷ ಸಾಕಾಯಿತು. ಅವರಲ್ಲೊಬ್ಬರು "ಹೋಗ್ಲಿ ಬಿಡ್ರಿ, ಆಗ್ತದ" ಎಂದರು. ಮಿಸ್ತ್ರಿ ನೆಲ ನೋಡುತ್ತಿದ್ದರು.

ಹೆಡ್ಡು ಏರಿಸಿದೆವು. ಬಾಡಿಗೆಗೆ ತಂದಿದ್ದ ಟಾರ್ಕ್ ರೆಂಚನ್ನು ನಾನು ಮಿಸ್ತ್ರಿಯ ಕೈಗೆ ಕೊಟ್ಟೆ. ಅವರು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿದರು, ನಾನು ಪಕ್ಕದಲ್ಲಿ ನಿಂತು ಅಳತೆ ಓದಿ ಹೇಳಿದೆ. ಮೂರನೆಯದಕ್ಕೆ ಬಂದಾಗ ನಾನು ಅಳತೆಯನ್ನು ಎರಡು ಸಲ ಓದಿದೆ. ಅಳತೆಗೆ ಬಂತು, ನಿಂತಿತು. ಸಂಜೆ ಬೆಳಕಿರುವಾಗಲೇ ಎಂಜಿನ್ ಶುರುವಾಯಿತು. ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಒಂದು ಗುಳ್ಳೆಯೂ ಇರಲಿಲ್ಲ. ಕಾಕಾ ಬ್ಲೋವರ್ ಕಟ್ಟಿಕೊಂಡು ತೋಟಕ್ಕೆ ಇಳಿದರು.

ಹೆಡ್ಡನ್ನು ಹೀಗೆ ಕೂರಿಸಿದ ಮೇಲೆ ಕೆಲವು ದಿನ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು. ಅದಕ್ಕೆ ಮಿಸ್ತ್ರಿ ಮೂರು ವಾರದ ಮೇಲೆ ಒಂದು ಭಾನುವಾರ ಬಂದರು. ಆ ವಾರ ನನ್ನ ಸರದಿ, ಆದರೂ ಗಂಗಾಪುರಕ್ಕೆ ಹೋಗದೆ ಉಳಿದಿದ್ದೆ. ಕಾಕಾ ಕರೆದಿರಲಿಲ್ಲ, ನಾನೇ ಹೋಗಿ ನಿಂತೆ. ಅಷ್ಟು ದಿನದಲ್ಲಿ ಅವರು ನನ್ನೊಡನೆ ನೀರು, ಕರೆಂಟು ಇಷ್ಟನ್ನೇ ಮಾತಾಡಿದ್ದರು. ಮಿಸ್ತ್ರಿ ಎಲ್ಲ ನಟ್ಟನ್ನೂ ನೋಡಿ, ಎರಡಕ್ಕೆ ಸ್ವಲ್ಪ ಬಿಗಿ ಕೊಟ್ಟು, ಚೀಲ ಕಟ್ಟುವಾಗ ನನ್ನನ್ನು ಕೇಳಿದರು.

"ಸಾಬ್, ಆ ಮೂರು ತೂತಿನ ಪಟ್ಟಿ ನಿಮಗ ಇನ್ನ ಬೇಕೇನು? ನಮ್ಮ ಕಡೆ ಎರಡು ಗಾಡಿ ಇದೇ ಮಾಡೆಲ್ ಅವ. ಎರಡಕ್ಕೂ ಥ್ರೆಡ್ ಹೋಗೇದ."

ಬೇಡ ಎಂದೆ. ಒಳಗಿನಿಂದ ತಂದು ಎಣ್ಣೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಡ್ರಿಲ್ಲು ಯಾವ ಅಳತೆಯದು, ಟ್ಯಾಪ್ ಯಾವುದು ಎಂದು ಅವರು ಕೇಳಿದರು, ಹೇಳಿದೆ. ಬರೆದುಕೊಳ್ಳಲಿಲ್ಲ, ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡು ನೆನಪಿಟ್ಟುಕೊಂಡರು. ಗಾಡಿ ಶುರು ಮಾಡಿ ಹೋದರು.

ಒಳಗೆ ಬಂದು ಹಾಸಿಗೆಯ ಮೇಲೆ ಹಾಗೇ ಒರಗಿದೆ. ಮಧ್ಯಾಹ್ನದ ಊಟವಾಗಿರಲಿಲ್ಲ. ಎಚ್ಚರವಾದಾಗ ಹೊರಗೆ ಬಿಸಿಲು ಇಳಿಯುತ್ತಿತ್ತು, ಫೋನಿನಲ್ಲಿ ಹೆಂಡತಿಯ ಮೂರು ಕರೆ ಬಂದು ನಿಂತಿದ್ದವು. ಕೂಡಲೇ ಮಾಡಿದೆ.

"ಎಲ್ಲಿದ್ರಿ?"

"ಮಲಗಿದ್ದೆ."

"ಉಣ್ಣದ ಮಲಗಿದ್ರೇನು?"

"ಹೂಂ."

"ಎದ್ದು ಅನ್ನಾ ಇಟ್ಕೋರಿ," ಎಂದಳು. "ಮುಂದಿನ ವಾರ ನೀವು ಬರೂದು ಬ್ಯಾಡ, ನಾನೇ ಬರ್ತೀನಿ. ತಪ್ಪಿದ ನಿಮ್ಮ ಸರದಿ ಬಾಕಿ ಇದ್ರೂ ಇರ್ಲಿ."

ಆಯಿತು ಎಂದೆ. ಎದ್ದು ಒಲೆ ಹಚ್ಚಿದೆ.